ಕಾಫಿ ಘಮ ಅಳೆಯೋಕೆ ಯಂತ್ರ ತಂದರೆ ಸಾಕೇ?

ನಮ್ಮ ಬ್ಲಾಗಿಗರಲ್ಲಿ ಕಾಫಿ ಘಮದ ಬಗ್ಗೆ ಬರೆಯದವರು ಯಾರಿದ್ದಾರೆ ಹೇಳಿ! ಮಂಜು, ಮಳೆ, ಬಾಬಾಬುಡನ್‌ಗಿರಿ... ಆದರೆ ಆ ಘಮವನ್ನು ಅಳೆಯುವ ಮಾತು ಬಂದರೆ ಮಾತ್ರ "ಅದೆಲ್ಲ ದೊಡ್ಡ ಯಂತ್ರದ ಕೆಲಸ ಮಾರಾಯ್ರೆ, ದುಡ್ಡಿದ್ದರೆ ಆಗುತ್ತೆ" ಅಂತ ಕೈ ತೊಳೆದುಕೊಳ್ತೀವಿ. ನನ್ನ ತಕರಾರು ಇರೋದು ಇಲ್ಲೇ. ದುಡ್ಡಿಗಿಂತ ಮೊದಲು ಬೇಕಾದ್ದು ಲೆಕ್ಕ.

ಹುರಿದ ಕಾಫಿಯ ಘಮದಲ್ಲಿ 800ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವನ್ನು ಬಿಡಿಸಲು ಗ್ಯಾಸ್ ಕ್ರೊಮ್ಯಾಟೋಗ್ರಫಿ ಇದೆ. ತುಂಬಾ ಸಪೂರವಾದ ಉದ್ದ ಕೊಳವೆಯಲ್ಲಿ ಹೀಲಿಯಂ ಜೊತೆ ಆವಿಯನ್ನು ಓಡಿಸಿದರೆ ಒಂದೊಂದು ಒಂದೊಂದು ಹೊತ್ತಿಗೆ ಹೊರಬರುತ್ತೆ. ಆದರೂ ಎಷ್ಟೋ ಒಟ್ಟಿಗೇ ಬಂದುಬಿಡ್ತವೆ. ಅದಕ್ಕೇ 1991ರಲ್ಲಿ ಲಿಯು ಮತ್ತು ಫಿಲಿಪ್ಸ್ ಬೇರೆ ಗುಣದ ಎರಡನೇ ಕೊಳವೆ ಜೋಡಿಸಿ ತೋರಿಸಿದರು. ಮೊದಲನೆಯದರಿಂದ ಬಂದದ್ದನ್ನು ಕೆಲವು ಸೆಕೆಂಡಿಗೊಮ್ಮೆ ತುಂಡು ಮಾಡಿ ಎರಡನೆಯದಕ್ಕೆ ಕಳಿಸೋದು.

ಎಡವಟ್ಟಾಗೋದು ಈ ಜೋಡಣೆಯಲ್ಲೇ. ಮೊದಲ ಕೊಳವೆ 30 ಮೀಟರ್, ಒಳವ್ಯಾಸ 0.25 ಮಿ.ಮೀ. ಎರಡನೆಯದು 1 ಮೀಟರ್, 0.1 ಮಿ.ಮೀ. ಅಂತಿಟ್ಟುಕೊಳ್ಳಿ. "ಒಂದೇ ಮೀಟರ್ ತಾನೇ?" ಅನ್ನಬೇಡಿ. ವ್ಯಾಸ ಇಳಿದಂತೆ ಅನಿಲಕ್ಕಾಗುವ ತಡೆ ಅದರ ನಾಲ್ಕನೇ ಘಾತದಲ್ಲಿ ಏರುತ್ತೆ. ವ್ಯಾಸ ಎರಡೂವರೆ ಪಟ್ಟು ಸಣ್ಣದಾದರೆ ತಡೆ ಮೀಟರಿಗೆ ಸುಮಾರು 39 ಪಟ್ಟು! ಅಂದ್ರೆ ಆ ಒಂದು ಮೀಟರ್ ತುಂಡು ಹಿಂದಿನ 30 ಮೀಟರಿಗಿಂತ ಹೆಚ್ಚು ತಡೆಯುತ್ತೆ. ಮೊದಲನೆಯದಕ್ಕೆ ಸರಿಯಾದ ವೇಗ ಇಟ್ಟರೆ ಎರಡನೆಯದರಲ್ಲಿ ಅನಿಲ ಓಟ ಕೀಳುತ್ತೆ. ಎರಡನೆಯದಕ್ಕೆ ಹೊಂದಿಸಿದರೆ ಮೊದಲನೆಯದರಲ್ಲಿ ತೆವಳುತ್ತೆ. ಸಾಲದ್ದಕ್ಕೆ, ಬಿಸಿ ಏರಿದಂತೆ ಅನಿಲದ ಸ್ನಿಗ್ಧತೆಯೂ ಏರಿ, ಅದೇ ಒತ್ತಡದಲ್ಲಿ ಹರಿವು ಇಳಿಯುತ್ತೆ.

ಇದೇನು ನಮಗೆ ಹೊಸದೇ? ಹೂಮಳೆ ಕೈಕೊಟ್ಟಾಗ ಮೂಡಿಗೆರೆ, ಕಳಸದ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕುವವರನ್ನು ಕೇಳಿ. ಪಂಪು, ಪೈಪಿನ ದಪ್ಪ, ಗುಡ್ಡದ ಎತ್ತರ ನೋಡದೆ ಯಾರಾದ್ರೂ ಪೈಪ್ ಜೋಡಿಸ್ತಾರಾ? ವ್ಯತ್ಯಾಸ ಇಷ್ಟೇ: ನೀರು ಕುಗ್ಗಲ್ಲ, ಅನಿಲ ಕುಗ್ಗುತ್ತೆ, ಹಿಗ್ಗುತ್ತೆ. ಹಾಗಾಗಿ ಕೊಳವೆಯ ಉದ್ದಕ್ಕೂ ಒತ್ತಡದ ಲೆಕ್ಕ ಇಡಬೇಕು. ಒಂದು ಎಕ್ಸೆಲ್ ಹಾಳೆ ಸಾಕು.

"ಸಾಫ್ಟ್‌ವೇರ್ ನೋಡಿಕೊಳ್ಳುತ್ತೆ" ಅನ್ನೋರಿದ್ದಾರೆ. ಸ್ವಾಮಿ, ಸಾಫ್ಟ್‌ವೇರ್ ಲೆಕ್ಕ ಹಾಕೋದು ನೀವು ಕೊಟ್ಟ ಕೊಳವೆಗೆ. ಯಾವ ಕೊಳವೆ ಬೇಕು ಅನ್ನೋ ಪ್ರಶ್ನೆ ನೀವೇ ಕೇಳಬೇಕಲ್ಲ?

2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಬೇರೆಬೇರೆ ಜಿಐ ಗುರುತು ಸಿಕ್ಕಿತು. ಘಮದಲ್ಲಿ ಆ ಎರಡಕ್ಕಿರೋ ವ್ಯತ್ಯಾಸವನ್ನು ಅಂಕಿಯಲ್ಲಿ ತೋರಿಸಿ ಅಂತ ಕೊಳ್ಳುವವನು ಕೇಳಿದರೆ, ಒಂದರ ಮೇಲೊಂದು ಬಿದ್ದ ಗೆರೆಗಳನ್ನು ತೋರಿಸೋದಾ? ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆ ಶುರುವಾಗಿದ್ದೇ 1925ರಲ್ಲಿ. ಆ ಊರುಗಳ ಬಿಎಸ್ಸಿ ಹುಡುಗರಿಗೆ ಬಟನ್ ಒತ್ತೋದಷ್ಟೇ ಕಲಿಸಿದರೆ ಹೇಗೆ? ಲೆಕ್ಕ ಕಲಿಸಿ, ಅದೂ ಕನ್ನಡದಲ್ಲಿ. ಯಂತ್ರ ಆಮೇಲೆ ಬರಲಿ.

ಏನಂತೀರಿ?