ಆದೇಶ ಕೊಟ್ಟರೆ ಸಾಲದು, ಬಂದೂಕು ವಶಕ್ಕೆ ಪಡೆಯಿರಿ

ಮನೆಯ ಹೆಣ್ಣಿನ ಮೇಲೆ ಕೈಮಾಡುವವನ ಬಳಿ ಬಂದೂಕು ಇರಬಹುದೇ? ಅಮೆರಿಕದಲ್ಲಿ ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

2019ರ ಡಿಸೆಂಬರ್‌ನಲ್ಲಿ ಟೆಕ್ಸಾಸ್‌ನ ಪಾರ್ಕಿಂಗ್ ಜಾಗವೊಂದರಲ್ಲಿ ರಹಿಮಿ ಎಂಬಾತ ತನ್ನ ಮಗುವಿನ ತಾಯಿಯನ್ನು ಎಳೆದೊಯ್ದು ಕಾರಿಗೆ ನೂಕಿದ. ಅವಳ ತಲೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಯಾರೋ ನೋಡುತ್ತಿದ್ದಾರೆಂದು ಗೊತ್ತಾದಾಗ ಬಂದೂಕು ತೆಗೆದ. ಅವಳು ತಪ್ಪಿಸಿಕೊಂಡು ಓಡುತ್ತಿದ್ದಂತೆ ಗುಂಡು ಹಾರಿಸಿದ. ದೂರು ಕೊಟ್ಟರೆ ಗುಂಡಿಕ್ಕುತ್ತೇನೆಂದು ಆಮೇಲೆ ಫೋನಿನಲ್ಲಿ ಬೆದರಿಸಿದ. 2020ರ ಫೆಬ್ರುವರಿಯಲ್ಲಿ ಕೋರ್ಟು ಅವಳಿಗೆ ರಕ್ಷಣಾ ಆದೇಶ ನೀಡಿತು. ಗುಂಡು ಹಾರಿಸಿದ ಬೇರೆ ಪ್ರಕರಣಗಳ ಸಂಬಂಧ ಪೊಲೀಸರು ಅವನ ಮನೆ ಶೋಧಿಸಿದಾಗ ಪಿಸ್ತೂಲು, ರೈಫಲ್ ಸಿಕ್ಕವು. ಜತೆಗೆ ಆ ಆದೇಶದ ಪ್ರತಿಯೂ ಸಿಕ್ಕಿತು.

ಇಂಥ ಆದೇಶಕ್ಕೆ ಒಳಪಟ್ಟವರು ಬಂದೂಕು ಹೊಂದುವುದನ್ನು ಒಕ್ಕೂಟದ ಕಾನೂನು 1994ರಿಂದಲೇ ನಿಷೇಧಿಸಿದೆ. ಆದರೂ ಆ ಕಾನೂನಿನಡಿ ರಹಿಮಿಯ ಮೇಲೆ ಹೂಡಿದ ಪ್ರಕರಣದಲ್ಲಿ 2023ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಆ ನಿಷೇಧವೇ ಅಸಾಂವಿಧಾನಿಕ ಎಂದಿತು. ಹಳೆಯ ಕಾಲದಲ್ಲಿ ಇಂಥ ಕಾನೂನು ಇರಲಿಲ್ಲ ಎಂಬುದು ಅದರ ವಾದ. ಹೆಂಡತಿಯ ಮೇಲಿನ ಹಲ್ಲೆಯನ್ನು ಮನೆಯೊಳಗಿನ ಮಾತೆಂದು ಬಿಟ್ಟುಬಿಡುತ್ತಿದ್ದ ಕಾಲದಿಂದ ಇಂದಿನ ಹೆಣ್ಣಿನ ಜೀವಕ್ಕೆ ಅಳತೆಗೋಲು ತರುವುದು ಅನ್ಯಾಯ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 8-1 ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಸರಿಯಾದ ತೀರ್ಪು. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ.

ಬಂದೂಕು ಇಟ್ಟುಕೊಳ್ಳಬಾರದು ಎನ್ನುವ ಕಾನೂನು, ಅದನ್ನು ಯಾರು, ಯಾವಾಗ ವಶಕ್ಕೆ ಪಡೆಯಬೇಕು ಎಂದು ಹೇಳುವುದಿಲ್ಲ. ಅದು ರಾಜ್ಯಗಳ ಇಚ್ಛೆಗೆ ಬಿಟ್ಟ ವಿಷಯ. ಆರೋಪಿಗೆ ನೋಟಿಸು ಕೊಟ್ಟು ವಿಚಾರಣೆಗೆ ಅವಕಾಶ ಕೊಡುವ ಮೊದಲು ಹೊರಡುವ ತುರ್ತು ಆದೇಶಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ಹೆಣ್ಣು ಮನೆ ಬಿಟ್ಟು ಹೊರಡುವ ಅತ್ಯಂತ ಅಪಾಯದ ದಿನಗಳು ಇವೇ. 2022ರ ತಿದ್ದುಪಡಿ ಹಲ್ಲೆಯ ಶಿಕ್ಷೆಗೆ ಒಳಗಾದ ಪ್ರಿಯಕರನನ್ನೂ ನಿಷೇಧದೊಳಗೆ ತಂದಿತು. ಆದರೆ ಜತೆಗೆ ವಾಸಿಸದ, ಮಗುವಿಲ್ಲದ ಪ್ರಿಯಕರನ ಮೇಲೆ ರಕ್ಷಣಾ ಆದೇಶ ಇದ್ದರೂ ಒಕ್ಕೂಟದ ನಿಷೇಧ ಅವನನ್ನು ಮುಟ್ಟುವುದಿಲ್ಲ. ಗುಂಡಿಗೆ ಮದುವೆಯಾದವಳು, ಆಗದವಳು ಎಂಬ ಭೇದವಿದೆಯೇ?

ಜಾರಿಯಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಟೆಕ್ಸಾಸ್‌ನದೇ ಊರಾದ ಸದರ್‌ಲ್ಯಾಂಡ್ ಸ್ಪ್ರಿಂಗ್ಸ್ ಸಾಕ್ಷಿ. ಹೆಂಡತಿ ಮತ್ತು ಪುಟ್ಟ ಮಲಮಗನ ಮೇಲಿನ ಹಲ್ಲೆಗಾಗಿ 2012ರಲ್ಲಿ ಸೇನಾ ನ್ಯಾಯಾಲಯದಿಂದ ಶಿಕ್ಷೆಯಾದವನ ವಿವರವನ್ನು ವಾಯುಪಡೆ ಎಫ್‌ಬಿಐಗೆ ಕಳಿಸಲೇ ಇಲ್ಲ. ಹಾಗಾಗಿ ಖರೀದಿಗೆ ಮುನ್ನ ನಡೆಯುವ ತಪಾಸಣೆಯಲ್ಲಿ ಸಿಕ್ಕಿಬೀಳದೆ ಅವನು ಅಂಗಡಿಯಲ್ಲೇ ಬಂದೂಕು ಕೊಂಡ. 2017ರ ನವೆಂಬರ್‌ನಲ್ಲಿ ಅಲ್ಲಿನ ಚರ್ಚಿನಲ್ಲಿ 26 ಜನರನ್ನು ಕೊಂದ.

ವಿಚಾರಣೆ ಮುಗಿಯದೆ ಹಕ್ಕು ಕಸಿಯಬಾರದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೇ ತುರ್ತು ಆದೇಶದ ಅವಧಿ ಚಿಕ್ಕದಾಗಿರಲಿ, ವಿಚಾರಣೆ ಬೇಗ ನಡೆಯಲಿ, ಆರೋಪ ಸುಳ್ಳಾದರೆ ಬಂದೂಕು ಹಿಂತಿರುಗಲಿ. ಹೆಣ್ಣೂ ಬಂದೂಕು ಇಟ್ಟುಕೊಳ್ಳಲಿ ಎಂಬ ವಾದವನ್ನು ಮಾತ್ರ ಒಪ್ಪಲಾಗದು; ಅವಳ ಬಂದೂಕು ಅವನ ಕೈಗೂ ಸಿಗಬಹುದು. ದೌರ್ಜನ್ಯ ಎಸಗುವವನಿಗೆ ಬಂದೂಕು ಸಿಗುವಂತಿದ್ದರೆ ಹೆಣ್ಣಿನ ಕೊಲೆಯ ಅಪಾಯ ಸುಮಾರು 5 ಪಟ್ಟು ಹೆಚ್ಚೆಂದು 2003ರಲ್ಲೇ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ ತಂಡದ ಅಧ್ಯಯನ ತೋರಿಸಿತ್ತು.

ಆದೇಶ ಹೊರಟ ದಿನವೇ ಪೊಲೀಸರು ಬಂದೂಕು ವಶಕ್ಕೆ ಪಡೆದು ಕೋರ್ಟಿಗೆ ವರದಿ ಒಪ್ಪಿಸುವುದನ್ನು ಅಮೆರಿಕದ ಸಂಸತ್ತು ಕಡ್ಡಾಯ ಮಾಡಬೇಕು. ಅಲ್ಲಿ ಮತದ ಹಕ್ಕು ಪಡೆದ ಕನ್ನಡಿಗರೇ, ಮತ ಕೇಳಿ ಬರುವ ಪ್ರತಿ ಅಭ್ಯರ್ಥಿಯನ್ನೂ ಕೇಳಿ: ಆ ಬಂದೂಕನ್ನು ವಶಕ್ಕೆ ಪಡೆಯುವವರು ಯಾರು? ಉತ್ತರವಿಲ್ಲದವರಿಗೆ ನಿಮ್ಮ ಮತ ಕೊಡಬೇಡಿ.