ಎದೆಯ ಮೂಳೆ ಕೂಡುವವರೆಗೆ

ಹರ್ನಿಯಾದ ಸಣ್ಣದೊಂದು ಶಸ್ತ್ರಚಿಕಿತ್ಸೆಗೆ ದೇಹ ಯೋಗ್ಯವಾಗಿದೆಯೇ ಎಂಬುದನ್ನು ನೋಡಿ ಹೇಳಲೆಂದು ವೈದ್ಯರು ಇ.ಸಿ.ಜಿ. ತೆಗೆಯಿಸಿ, ಅದರಲ್ಲಿ ಕಂಡ ಯಾವುದೋ ವ್ಯತ್ಯಾಸದ ನಿಮಿತ್ತವಾಗಿ ನನ್ನನ್ನು ಟ್ರೆಡ್‌ಮಿಲ್ ಪರೀಕ್ಷೆಗೂ, ಅದನ್ನು ನಾಲ್ಕನೆಯ ನಿಮಿಷದಲ್ಲಿಯೇ ನಿಲ್ಲಿಸಬೇಕಾಗಿ ಬಂದ ಮೇಲೆ ಆಂಜಿಯೋಗ್ರಾಮಿಗೂ ಕಳುಹಿಸಿದ ಆ ವಾರದವರೆಗೆ, 64 ವರ್ಷಗಳ ಆಯುಷ್ಯದಲ್ಲಿ ನಾನು ನನ್ನ ಹೃದಯದ ವಿಚಾರವಾಗಿ ಒಮ್ಮೆಯೂ ಚಿಂತಿಸಿದವನಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ದೊಡ್ಡ ನಂದಿಯವರೆಗೆ ಹತ್ತುವಾಗ ಎದೆಯ ನಡುವೆ ಉರಿಯಂಥದೊಂದು ಏಳುತ್ತಿದ್ದುದೂ, ನಿಂತು ಸುಧಾರಿಸಿಕೊಂಡರೆ ಅದು ಇಳಿಯುತ್ತಿದ್ದುದೂ ನಿಜ. ಅದನ್ನು ಪಿತ್ತವೆಂದು ಭಾವಿಸಿ ಓಮದ ಕಷಾಯ ಕುಡಿಯುತ್ತ ಎರಡು ವರ್ಷ ಕಳೆದೆ. ನಡೆದಾಗ ಬಂದು ನಿಂತಾಗ ಹೋಗುವ ಎದೆಯುರಿಯನ್ನು ಹೊಟ್ಟೆಯದೆಂದು ಬಗೆಯದೆ ಮೊದಲು ಹೃದಯದ ವೈದ್ಯರಿಗೆ ತೋರಿಸಬೇಕೆಂದು ಆಗ ನನಗೆ ಯಾರೂ ಹೇಳಲಿಲ್ಲ. ಇದನ್ನು ಓದುವವರಲ್ಲಿ ಒಬ್ಬರಿಗಾದರೂ ಆ ಮಾತು ಹೊತ್ತಿಗೆ ಸರಿಯಾಗಿ ತಲುಪಲೆಂದು ಮಿಕ್ಕ ವಿಷಯಕ್ಕೆ ಮೊದಲೇ ಅದನ್ನು ಬರೆದಿಡುತ್ತಿದ್ದೇನೆ.

ಮೂರು ಪರಿಧಮನಿಗಳಲ್ಲಿಯೂ ಅಡಚಣೆ, ಎಡದ ಮುಖ್ಯ ಧಮನಿಯಲ್ಲಿ ಶೇಕಡ 80. ಸ್ಟೆಂಟ್ ಹಾಕಿ ಸರಿಪಡಿಸುವ ಸ್ಥಿತಿಯಲ್ಲ, ಬೈಪಾಸ್ ಆಗಲೇಬೇಕು, ಮನೆಗೆ ಹೋಗಿ ಬರುವ ಯೋಚನೆ ಬೇಡ. ಇಷ್ಟನ್ನು ವೈದ್ಯರು ಮೃದುವಾಗಿಯೇ ಹೇಳಿದರು. ನನ್ನ ಕನ್ನಡಕವನ್ನೂ ಕೈಗಡಿಯಾರವನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಾಗಿಲ ಹೊರಗೆ ನಿಂತಿದ್ದ ನನ್ನ ಹೆಂಡತಿಗೆ ಆ ಮಾತನ್ನು ಹೇಗೆ ಹೇಳುವುದೆಂಬುದೇ ಆ ಕ್ಷಣದಲ್ಲಿ ನನಗೆ ಪ್ರಾಣಭಯಕ್ಕಿಂತ ದೊಡ್ಡ ಕಷ್ಟವಾಗಿ ತೋರಿತು.

ಶಸ್ತ್ರಚಿಕಿತ್ಸೆಗೆ ಮುಂಚಿನ ನಾಲ್ಕು ದಿನಗಳಲ್ಲಿ, ಮೂವತ್ತೆಂಟು ವರ್ಷ ಪಾಠ ಹೇಳಿದವನ ಅಭ್ಯಾಸಬಲದಿಂದ, ಈ ವಿದ್ಯೆ ಎಲ್ಲಿಂದ ಬಂತೆಂದು ಓದತೊಡಗಿದೆ. ಓದಿದಷ್ಟೂ ಧೈರ್ಯ ಬಂತು. 1931ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಗಿಬ್ಬನ್ ಎಂಬ ಎಳೆಯ ವೈದ್ಯನು, ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರಿ ಕ್ಷೀಣಿಸುತ್ತಿದ್ದ ಒಬ್ಬ ಹೆಂಗಸಿನ ಹಾಸಿಗೆಯ ಬಳಿ ಇರುಳೆಲ್ಲ ಕುಳಿತು, ಆಕೆಯ ಕಪ್ಪಾದ ರಕ್ತವನ್ನು ಹೊರಕ್ಕೆ ತಂದು ಪ್ರಾಣವಾಯುವನ್ನು ಬೆರೆಸಿ ಮರಳಿ ಒಳಕ್ಕೆ ಕಳುಹಿಸುವಂತಿದ್ದರೆ ಎಂದು ಯೋಚಿಸಿದನಂತೆ. ಆ ಯೋಚನೆ ಯಂತ್ರದ ರೂಪು ತಾಳಿ, 1953ರ ಮೇ 6ರಂದು ಹದಿನೆಂಟು ವರ್ಷದ ಒಬ್ಬ ಹುಡುಗಿಯ ಹೃದಯದ ಕೆಲಸವನ್ನು 26 ನಿಮಿಷಗಳ ಪರ್ಯಂತ ತಾನೇ ವಹಿಸಿಕೊಂಡು ಆಕೆಯನ್ನು ಉಳಿಸುವುದಕ್ಕೆ ಇಪ್ಪತ್ತೆರಡು ವರ್ಷ ಹಿಡಿಯಿತು. 1967ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಕಾಲಿನ ಅಭಿಧಮನಿಯನ್ನು ತೆಗೆದು ಹೃದಯದ ಮುಚ್ಚಿದ ನಾಳಕ್ಕೆ ಬಳಸುದಾರಿಯಾಗಿ ಹೊಲಿದು ಈ ಚಿಕಿತ್ಸೆಗೆ ನೆಲೆ ಕಲ್ಪಿಸಿದ ರೆನೆ ಫವಲೋರೊ ಅದಕ್ಕೆ ಮೊದಲು ಸುಮಾರು ಹನ್ನೆರಡು ವರ್ಷ ಅರ್ಜೆಂಟೀನಾದ ಒಂದು ಬಡ ಹಳ್ಳಿಯಲ್ಲಿ ವೈದ್ಯನಾಗಿದ್ದವರು. ಆ ಊರಿನ ಉಪಾಧ್ಯಾಯರಿಗೂ ದಾದಿಯರಿಗೂ ಸಾಮಾನ್ಯ ಜನರಿಗೂ ಆರೋಗ್ಯದ ಪಾಠ ಹೇಳಿಕೊಟ್ಟವರು. ಆ ಒಂದು ಸಂಗತಿ ಮುಂದೆ ನನ್ನ ಮನಸ್ಸಿನಲ್ಲಿ ಬಹಳ ದಿನ ನಿಂತಿತು. ನಮ್ಮ ದೇಶದಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಯಶಸ್ವಿಯಾಗಿ ಮಾಡಿದವರು ಡಾ. ಕೆ. ಎಂ. ಚೆರಿಯನ್, 1975ರಲ್ಲಿ, ಮದರಾಸಿನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ. ನನ್ನ ಹೈಸ್ಕೂಲಿನ ದಿನಗಳಲ್ಲಿ ದೇಶಕ್ಕೆ ಹೊಸದಾಗಿದ್ದ ವಿದ್ಯೆ ನಾನು ಮುದುಕನಾಗುವ ಹೊತ್ತಿಗೆ ನನ್ನ ಊರಿಗೇ ಬಂದು ಕಾದು ಕುಳಿತಿತ್ತೆಂಬುದನ್ನು ನೆನೆದರೆ ಇಂದಿಗೂ ಕೃತಜ್ಞತೆಯಿಂದ ಕಣ್ಣು ತುಂಬುತ್ತದೆ.

ಶಸ್ತ್ರಚಿಕಿತ್ಸೆಯನ್ನು ಕುರಿತು ನಾನು ಹೇಳತಕ್ಕದ್ದು ಸ್ವಲ್ಪವೇ, ಏಕೆಂದರೆ ಆಗ ನಾನು ಅಲ್ಲಿರಲಿಲ್ಲ. ಎದೆಯ ನಡುಮೂಳೆಯನ್ನು ಉದ್ದಕ್ಕೆ ಸೀಳಿ, ಎದೆಗೂಡಿನ ಒಳಗೋಡೆಯ ಒಂದು ಧಮನಿಯನ್ನೂ ಎಡಗಾಲಿನ ಅಭಿಧಮನಿಯನ್ನೂ ತೆಗೆದು, ಮಿಡಿಯುತ್ತಿರುವ ಹೃದಯದ ಮೇಲೆಯೇ, ಎರಡು ಮಿಲಿಮೀಟರಿನಷ್ಟೂ ಅಗಲವಿಲ್ಲದ ನಾಳಗಳಿಗೆ ಕೂದಲಿಗಿಂತ ಸಣ್ಣ ದಾರದಿಂದ ಹೊಲಿದು, ಮೂಳೆಯನ್ನು ಉಕ್ಕಿನ ತಂತಿಗಳಿಂದ ಬಿಗಿದರು. ಆ ತಂತಿಗಳು ನನ್ನೊಡನೆಯೇ ಇವೆ. ಎಚ್ಚರವಾದಾಗ ಗಂಟಲಲ್ಲಿ ನಳಿಕೆಯಿದ್ದುದರಿಂದ ಮಾತು ಹೊರಡದೆ, ದಾದಿಯ ಅಂಗೈಯ ಮೇಲೆ ಬೆರಳಿನಿಂದ ‘ನೀರು’ ಎಂದು ಬರೆದೆ. ಕೇರಳದ ಆ ಹುಡುಗಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಆದರೂ ನನ್ನ ಒಣಗಿದ ತುಟಿಯನ್ನು ನೋಡಿ, ಒದ್ದೆ ಮಾಡಿದ ಹತ್ತಿಯನ್ನು ತಂದು ಮೆಲ್ಲನೆ ಒತ್ತಿದಳು. ಆ ಆಸ್ಪತ್ರೆಯವರ ಕೌಶಲದಲ್ಲಾಗಲಿ ಕರುಣೆಯಲ್ಲಾಗಲಿ ಕೊರತೆಯೆಂಬುದನ್ನು ನಾನು ಕಾಣಲಿಲ್ಲ. ಕೊರತೆ ಪ್ರಾರಂಭವಾದದ್ದು ಅಲ್ಲಿಂದ ಹೊರಗೆ ಬಂದ ಮೇಲೆ.

ಎಂಟನೆಯ ದಿನ ನಮ್ಮನ್ನು ಮನೆಗೆ ಕಳುಹಿಸಿದರು. ಕೈಗೆ ಕೊಟ್ಟ ಕಾಗದಗಳಲ್ಲಿ ಔಷಧಿಗಳ ಪಟ್ಟಿಯೊಂದು, ಮಾಡಬಹುದಾದ ಮತ್ತು ಮಾಡಬಾರದ ಕೆಲಸಗಳನ್ನು ತಿಳಿಸುವ ಹಾಳೆಯೊಂದು; ಎರಡೂ ಇಂಗ್ಲಿಷಿನಲ್ಲಿ. ಕಾರು ಓಡಿಸುವುದು ಯಾವಾಗ, ವಿಮಾನದಲ್ಲಿ ಪ್ರಯಾಣ ಮಾಡುವುದು ಯಾವಾಗ ಎಂಬುದೆಲ್ಲ ಅದರಲ್ಲಿತ್ತು. ನನ್ನ ಪಕ್ಕದ ಹಾಸಿಗೆಯಲ್ಲಿ ಹೆಗ್ಗಡದೇವನಕೋಟೆಯ ಕಡೆಯ ರೈತರೊಬ್ಬರಿದ್ದರು. ಐವತ್ತೂ ತುಂಬದ ವಯಸ್ಸು, ಎರಡೆಕರೆ ಹೊಲ, ಎರಡು ಹಸು. ಅವರು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ಮೇಷ್ಟ್ರೇ, ಹಾಲು ಕರೆಯೋದು ಯಾವಾಗ ಅಂತ ಇದರಲ್ಲಿ ಬರೆದವ್ರಾ ನೋಡಿ” ಎಂದರು. ನಾನು ಎರಡು ಸಲ ಓದಿದೆ. ಇರಲಿಲ್ಲ.

ಮನೆಗೆ ಬಂದ ದಿನ ನನ್ನ ತಮ್ಮನು ಅತ್ಯಂತ ಪ್ರೀತಿಯಿಂದ ನನ್ನ ಎರಡು ರಟ್ಟೆಗಳನ್ನೂ ಹಿಡಿದು ಹಾಸಿಗೆಯಿಂದ ಎಬ್ಬಿಸಿದನು. ರೋಗಿಯನ್ನು ಎಬ್ಬಿಸುವುದಕ್ಕೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದ ಕ್ರಮ ಅದೊಂದೇ. ಮತ್ತು ಎದೆಯ ಮೂಳೆ ಸೀಳಿದವನಿಗೆ ಆಗ ಮಾಡಲೇಬಾರದ್ದೆಂದರೆ ಅದೇ. ಮೂಳೆ ಕೂಡುವುದಕ್ಕೆ ಕಡಮೆಯೆಂದರೆ ಆರರಿಂದ ಎಂಟು ವಾರ ಬೇಕು, ಬಲವಾಗುವುದಕ್ಕೆ ಮೂರು ತಿಂಗಳು. ಅಲ್ಲಿಯವರೆಗೆ ತೋಳುಗಳನ್ನು ಎಳೆಯಬಾರದು, ದಿಂಬನ್ನು ಎದೆಗೆ ಅವಚಿಕೊಂಡು ಮಗ್ಗುಲಾಗಿ ಹೊರಳಿ ಕಾಲುಗಳನ್ನು ಕೆಳಕ್ಕೆ ಬಿಟ್ಟು ಏಳಬೇಕು, ಕೆಮ್ಮು ಬಂದರೂ ಅದೇ ದಿಂಬನ್ನು ಒತ್ತಿ ಹಿಡಿಯಬೇಕು, ತುಂಬಿದ ಕೊಡವನ್ನು ಮುಟ್ಟಬಾರದು. ಇದನ್ನೆಲ್ಲ ಆಸ್ಪತ್ರೆಯಲ್ಲಿ ನನಗೆ ಹೇಳಿದ್ದರು. ನೋವಿನ ಔಷಧದ ಮಂಪರಿನಲ್ಲಿದ್ದ ನನಗೆ ಮಾತ್ರ ಹೇಳಿದ್ದರು. ನೆಲದ ಮೇಲೆ ಕುಳಿತು ಉಣ್ಣುವವರು, ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯವಿರುವವರು, ಮೊಮ್ಮಗುವನ್ನು ಎತ್ತಿಕೊಳ್ಳದೆ ಇರಲಾರದವರು ಏನು ಮಾಡಬೇಕೆಂಬುದನ್ನು ಯಾರೂ ಹೇಳಿರಲಿಲ್ಲ.

ದೇಹದ್ದಾದರೂ ಕಣ್ಣಿಗೆ ಕಾಣುವ ವಿಷಯ. ಮನಸ್ಸಿಗೆ ಆದದ್ದನ್ನು ಹೇಳುವುದು ಕಷ್ಟ, ಆದರೆ ಅದನ್ನು ಹೇಳುವ ಸಲುವಾಗಿಯೇ ಈ ಲೇಖನವನ್ನು ಬರೆಯಲು ಕುಳಿತದ್ದು. ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ, ಬೆಳಗಿನ ಪತ್ರಿಕೆಯಲ್ಲಿ ಒಂದೇ ಒಂದು ಕಂಡಿಕೆಯನ್ನು ಓದಲು ಹೊರಟು, ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗಿ, ಮತ್ತೆ ಆರಂಭಿಸಿ, ಮತ್ತೆ ಮರೆತು, ಪತ್ರಿಕೆಯನ್ನು ಮಡಿಸಿಟ್ಟು ಅತ್ತುಬಿಟ್ಟೆ. ಆ ಮೇಲೆ ಅಳು ಕಾರಣವನ್ನೇ ಕೇಳದೆ ಬರತೊಡಗಿತು. ಮೊಮ್ಮಗಳು ಮಗ್ಗಿ ಒಪ್ಪಿಸುವುದನ್ನು ಕೇಳಿದರೆ ಅಳು, ಸಾರಿನ ಒಗ್ಗರಣೆಯ ಘಮ ಬಂದರೆ ಅಳು. ರಾತ್ರಿ ನಿದ್ರೆಯಿಲ್ಲದೆ, ಎಡಗಿವಿಯನ್ನು ದಿಂಬಿಗೆ ಒತ್ತಿದರೆ ಕೇಳುವ ನನ್ನದೇ ನಾಡಿಯನ್ನು ಎಣಿಸುತ್ತ, ಮುಂದಿನ ಬಡಿತ ಬರುವುದೋ ಇಲ್ಲವೋ ಎಂದು ಕಾಯುತ್ತಿದ್ದೆ. ಬದುಕಿ ಬಂದವನು ಸಂತೋಷಪಡಬೇಕಲ್ಲದೆ ಹೀಗೇಕೆ ಕುಗ್ಗಬೇಕೆಂದು ನೋಡಲು ಬಂದವರು ಕೇಳಿದಾಗ ನಾಚಿಕೆಯಾಗುತ್ತಿತ್ತು. ಇದು ನನ್ನೊಬ್ಬನ ದೌರ್ಬಲ್ಯವಲ್ಲ, ಈ ಶಸ್ತ್ರಚಿಕಿತ್ಸೆಯಾದ ಐವರಲ್ಲಿ ಒಬ್ಬರಿಗಾದರೂ ಇಂಥ ಖಿನ್ನತೆ ಬರುವುದುಂಟು, ಬಹು ಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಇಳಿಯದಿದ್ದರೆ ಅದಕ್ಕೂ ಚಿಕಿತ್ಸೆಯಿದೆ ಎಂಬುದು ನನಗೆ ತಿಳಿದದ್ದು ಆರನೆಯ ವಾರದ ತಪಾಸಣೆಯಲ್ಲಿ, ಅದೂ ಹೆಂಡತಿ ತಡೆಯಲಾರದೆ ವೈದ್ಯರನ್ನು ಕೇಳಿದ್ದರಿಂದ. ವೈದ್ಯರು ಹೇಳಿದ್ದು ಎರಡೇ ನಿಮಿಷ. ಆ ಎರಡು ನಿಮಿಷದ ಮಾತನ್ನು ಎಂಟನೆಯ ದಿನವೇ ಹೇಳಿದ್ದರೆ ನಾನು ಒಂದು ತಿಂಗಳ ಕತ್ತಲೆಯನ್ನು ಕತ್ತಲೆಯೆಂದಾದರೂ ಗುರುತಿಸಿ ದಾಟುತ್ತಿದ್ದೆ.

ಹೆಂಡತಿಯ ವಿಷಯ ಇನ್ನೂ ಬೇರೆ. ಉಪ್ಪು ಕಡಮೆ ಮಾಡಿದ ಸಾರು ಬೇರೆ, ಮನೆಯವರಿಗೆ ಬೇರೆ, ದಿನಕ್ಕೆ ಹನ್ನೊಂದು ಮಾತ್ರೆಗಳ ಲೆಕ್ಕ, ಕಾಲಿನ ಗಾಯಕ್ಕೆ ಪಟ್ಟಿ, ಬಂದವರಿಗೆಲ್ಲ ಕಾಫಿ, ಇಷ್ಟರ ಮೇಲೆ, ಇರುಳಿನಲ್ಲಿ ನನ್ನ ಉಸಿರು ಆಡುತ್ತಿದೆಯೇ ಎಂದು ಮೂಗಿನ ಬಳಿ ಕೈಯಿಟ್ಟು ನೋಡುತ್ತಿದ್ದಳೆಂಬುದನ್ನು ಮೂರು ತಿಂಗಳಾದ ಮೇಲೆ ಮಗಳ ಮುಂದೆ ಹೇಳಿದಳಂತೆ. ನಾನು ನಾಡಿ ಎಣಿಸುತ್ತಲೂ ಆಕೆ ಉಸಿರು ನೋಡುತ್ತಲೂ ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ತಿಳಿಯದಂತೆ ಎಚ್ಚರವಾಗಿದ್ದೆವು.

ಇಂಥ ಚೇತರಿಕೆಯ ದಾರಿ ವೈದ್ಯಶಾಸ್ತ್ರಕ್ಕೆ ತಿಳಿಯದ್ದೇನಲ್ಲ. ಒಂದು ಕಾಲದಲ್ಲಿ ಹೃದಯಾಘಾತವಾದವರನ್ನು ಆರು ವಾರಗಳವರೆಗೂ ಹಾಸಿಗೆಯಿಂದ ಅಲುಗಗೊಡುತ್ತಿರಲಿಲ್ಲ; ಅದೇ ಚಿಕಿತ್ಸೆಯೆಂದು ದೊಡ್ಡ ದೊಡ್ಡ ವೈದ್ಯರೂ ನಂಬಿದ್ದರು. 1952ರಲ್ಲಿ ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬಿಬ್ಬರು ಅಂಥ ರೋಗಿಗಳನ್ನು ಮೆಲ್ಲಗೆ ಎಬ್ಬಿಸಿ ಆರಾಮಕುರ್ಚಿಯಲ್ಲಿ ಕೂರಿಸಿದುದರ ಫಲವನ್ನು ಪ್ರಕಟಿಸಿದರು. ಕೂರಿಸಿದ್ದರಿಂದ ಕೇಡಾಗಲಿಲ್ಲ, ಜನ ಬೇಗ ಚೇತರಿಸಿಕೊಂಡರು. ಆ ಕುರ್ಚಿಯಿಂದ ಮುಂದುವರಿದು ಇಂದು ಹೃದಯ ಪುನಶ್ಚೇತನವೆಂಬುದು ಒಂದು ಶಾಸ್ತ್ರವೇ ಆಗಿದೆ: ಅಳತೆಯಾದ ನಡಿಗೆ, ಆಹಾರದ ತಿಳಿವಳಿಕೆ, ಧೂಮಪಾನದ ತ್ಯಾಗ, ಮನಸ್ಸಿನ ಸಮಾಧಾನ, ಮನೆಯವರಿಗೆ ಶಿಕ್ಷಣ, ಇವೆಲ್ಲ ಸೇರಿ ಕೆಲವು ವಾರಗಳ ವ್ಯವಸ್ಥಿತ ಕ್ರಮ. ಇದರಿಂದ ಹೃದಯದ ಕಾಯಿಲೆಯಿಂದಾಗುವ ಮರಣಗಳು ಗಣನೀಯವಾಗಿ ತಗ್ಗುತ್ತವೆಂದು ಅನೇಕ ದೇಶಗಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡಿದ್ದಾರೆ. ಹೊಲಿದ ನಾಳಗಳೇನೂ ಶಾಶ್ವತವಲ್ಲ. ಕಾಲಿನಿಂದ ತೆಗೆದ ನಾಳಗಳಲ್ಲಿ ಸುಮಾರು ಅರ್ಧದಷ್ಟು ಹತ್ತು ವರ್ಷಗಳಲ್ಲಿ ಮುಚ್ಚಿಕೊಳ್ಳುತ್ತವೆ. ಆದಕಾರಣ ಮುಂದಿನ ಬದುಕನ್ನು ಕಲಿಸದೆ ಹೊಲಿದು ಕಳುಹಿಸುವುದು, ಕಟ್ಟೆಯನ್ನು ಕಟ್ಟಿ ಕಾಲುವೆಯನ್ನು ಹೂಳಿಗೆ ಬಿಟ್ಟಂತೆ.

ಬಡವರಿಗೆ ಈ ಶಸ್ತ್ರಚಿಕಿತ್ಸೆ ಎಟುಕುವಂತಾದದ್ದು ದೊಡ್ಡ ಪುಣ್ಯದ ಕೆಲಸವೆಂದು ನಾನು ಮನಃಪೂರ್ವಕವಾಗಿ ಹೇಳುತ್ತೇನೆ. ಆಯುಷ್ಮಾನ್ ಭಾರತ್ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಆಸ್ಪತ್ರೆಯ ವೆಚ್ಚವನ್ನು ವಹಿಸುತ್ತದೆ. ಬಿಡುಗಡೆಯಾದ ಮೇಲಿನ ಹದಿನೈದು ದಿನಗಳ ಔಷಧಿ ಮತ್ತು ಪರೀಕ್ಷೆಗಳೂ ಅದರಲ್ಲಿ ಸೇರಿವೆ. ಹದಿನೈದು ದಿನಗಳು; ಮೂಳೆಗೋ ಮೂರು ತಿಂಗಳು ಬೇಕು. ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಮಿಕ್ಕ ನಾಡುಗಳವರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದು 52 ದೇಶಗಳಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ಎಂದಮೇಲೆ, ಹೊಲಿದ ಎದೆಯೊಡನೆ ಮನೆಗೆ ಹೋಗುವ ನಮ್ಮವರಲ್ಲಿ ಅನೇಕರು ನನ್ನಂತೆ ಪಿಂಚಣಿ ಪಡೆಯುವವರಲ್ಲ. ದುಡಿದರೆ ಮಾತ್ರ ಉಣ್ಣುವವರು, ಯಾವಾಗ ಭಾರ ಎತ್ತಬಹುದೆಂಬುದೇ ಜೀವನದ ಪ್ರಶ್ನೆಯಾದವರು.

ನಮ್ಮ ಜನಕ್ಕೆ ಚೇತರಿಕೆಯೆಂದರೇನೆಂದು ತಿಳಿಯದೆ ಇಲ್ಲ. ಬಾಣಂತನವನ್ನು ನೋಡಿ: ಹೆತ್ತವಳು ಒಂದೇ ದಿನದಲ್ಲಿ ಮೊದಲಿನಂತಾಗುವುದಿಲ್ಲವೆಂಬುದನ್ನು ಇಡೀ ಊರು ಒಪ್ಪಿಕೊಂಡಿದೆ, ಆಕೆಗೆ ಯಾವ ಊಟ, ಯಾವ ಕೆಲಸ, ಯಾರು ಜೊತೆಗಿರಬೇಕು, ಎಷ್ಟು ದಿನ, ಎಲ್ಲಕ್ಕೂ ಒಂದು ಕಟ್ಟಳೆಯಿದೆ. ಸರ್ಕಾರವೂ ಅದನ್ನು ಗೌರವಿಸಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ತೊಡಗಿ ನಲವತ್ತೆರಡನೆಯ ದಿನದವರೆಗೆ ಆರು ಸಲ ಹೋಗಿ ಬರುವ ಏರ್ಪಾಡು ಮಾಡಿದೆ. ಬಾಣಂತನದ ಪೂರ್ಣ ವಿಶ್ರಾಂತಿ ಹೃದಯದ ಶಸ್ತ್ರಚಿಕಿತ್ಸೆಯಾದವರಿಗೆ ಸಲ್ಲದು, ಅವರು ದಿನದಿನವೂ ನಡೆಯಬೇಕು. ಆದರೆ ಆ ಕಟ್ಟಳೆ, ಆ ಜೊತೆ, ಹೊಣೆ ಹೊತ್ತ ಒಬ್ಬರು ಬಾಗಿಲಿಗೆ ಬರುವರೆಂಬ ಆ ಭರವಸೆ ಇವರಿಗೂ ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ವಾರಕ್ಕೆರಡು ದಿನ ಬೈಪಾಸ್ ಆದವರಿಗೆಂದೇ ಮೀಸಲಾದ ಒಂದು ಕೋಣೆ, ಒಬ್ಬ ಫಿಸಿಯೋಥೆರಪಿಸ್ಟ್, ಮನಸ್ಸಿನ ವಿಷಯ ಕೇಳುವ ಒಬ್ಬರು. ಯೋಜನೆಯ ಹಣ ಹದಿನೈದು ದಿನಕ್ಕೆ ಬದಲಾಗಿ ಮೂರು ತಿಂಗಳು. ಮತ್ತು ಎಲ್ಲಕ್ಕಿಂತ ಸುಲಭವಾದದ್ದು, ಕನ್ನಡದಲ್ಲಿ ಅಚ್ಚಾದ, ನಮ್ಮ ಹೊಲ ಮನೆ ಕೊಟ್ಟಿಗೆಗಳ ಕೆಲಸಗಳನ್ನು ಹೆಸರಿಟ್ಟು ಹೇಳುವ ನಾಲ್ಕು ಪುಟದ ಪುಸ್ತಿಕೆ. ಇಷ್ಟು ಮೊದಲಿಗೆ ಸಾಕು. ಶಸ್ತ್ರಚಿಕಿತ್ಸೆಯ ವೆಚ್ಚದ ಮುಂದೆ ಇದು ಏನೇನೂ ಅಲ್ಲ.

ಆರನೆಯ ವಾರದ ತಪಾಸಣೆಯ ದಿನ ನಾನು ಆ ರೈತರ ಪ್ರಶ್ನೆಯನ್ನೂ ಒಯ್ದಿದ್ದೆ. ವೈದ್ಯರು ಪೆನ್ನನ್ನು ಕೆಳಗಿಟ್ಟು ಯೋಚಿಸಿ ಉತ್ತರ ಕೊಟ್ಟರು: ಆರು ವಾರ ಕಳೆದು ಮೂಳೆ ಕೂಡಿದೆಯೆಂದು ನೋಡಿದ ಮೇಲೆ ಎತ್ತರದ ಮಣೆಯ ಮೇಲೆ ಕುಳಿತು ಸ್ವಲ್ಪ ಸ್ವಲ್ಪವಾಗಿ ಕರೆಯಬಹುದು, ತುಂಬಿದ ಬಕೆಟ್ಟನ್ನು ಎತ್ತುವುದು, ಹುಲ್ಲಿನ ಹೊರೆ ಹೊರುವುದು ಮೂರು ತಿಂಗಳಾಗುವವರೆಗೆ ಕೂಡದು, ಹಗ್ಗ ಜಗ್ಗುವ ಹಸುವನ್ನು ಹಿಡಿಯುವುದಂತೂ ಬೇಡವೇ ಬೇಡ. ಸಂಜೆ ಅವರ ಮನೆಗೆ ಫೋನು ಮಾಡಿದೆ. ಅವರು ಹಟ್ಟಿಯ ಕಡೆ ಹೋಗಿದ್ದರು, ಫೋನು ತೆಗೆದುಕೊಂಡ ಅವರ ಹೆಂಡತಿ ನನ್ನ ಮಾತನ್ನೆಲ್ಲ ಕೇಳಿ, ಒಂದು ಗಳಿಗೆ ಸುಮ್ಮನಿದ್ದು, “ಒಸಿ ತಡೀರಿ ಸಾಮಿ, ಮಗಳನ್ನ ಕರೀತೀನಿ, ಇನ್ನೊಂದು ಕಿತ ನಿಧಾನಕ್ಕೆ ಹೇಳಿ, ಅವಳು ಬರ್ಕೋತಾಳೆ” ಎಂದರು.