ಬಾಗಿಲಿನ ಕೂಗಿಗೆ ಶಿಕ್ಷೆ, ಬಡ್ಡಿಗೆ ರಕ್ಷೆ



ಕಳೆದ ಕಾರ್ತಿಕ ಮಾಸದಲ್ಲಿ, ನಮ್ಮ ಪ್ರಸಾದ ನಿಲಯದಲ್ಲಿ ಉಂಡು ಓದಿದ ಯುವಕನೊಬ್ಬನು ಮಾಲೂರಿನಿಂದ ಮಠಕ್ಕೆ ಬಂದಿದ್ದನು. ನರಸಾಪುರದ ಕಾರ್ಖಾನೆಯೊಂದರಲ್ಲಿ ಆತನಿಗೆ ಕೆಲಸ. ಆಶೀರ್ವಾದ ಪಡೆದು ಹೊರಡುವವನಂತೆ ಎದ್ದವನು ಮತ್ತೆ ಕುಳಿತು, ಜೇಬಿನಿಂದ ಮಡಚಿದ ಕಾಗದವೊಂದನ್ನು ತೆಗೆದನು. ಅದು ಕ್ರೆಡಿಟ್ ಕಾರ್ಡಿನ ಲೆಕ್ಕಪತ್ರ. "ಬುದ್ಧೀ, ತಾಯಿಯ ಆಸ್ಪತ್ರೆಯ ಖರ್ಚು ಐವತ್ತು ಸಾವಿರವನ್ನು ಈ ಕಾರ್ಡಿನಲ್ಲಿ ಕೊಟ್ಟೆ. ಅಲ್ಲಿಂದೀಚೆಗೆ ಒಂದು ತಿಂಗಳೂ ತಪ್ಪಿಸಿಲ್ಲ. ಕನಿಷ್ಠ ಇಷ್ಟು ಕಟ್ಟಬೇಕೆಂದು ಅವರೇ ಬರೆದಷ್ಟನ್ನು ಕಟ್ಟಿದ್ದೇನೆ. ಆದರೂ ಸಾಲವೇಕೆ ಕರಗುತ್ತಿಲ್ಲ?" ಎಂದು ಕೇಳಿದನು.

ನಾವು ಪಾಠಶಾಲೆಯಲ್ಲಿ ತರ್ಕವನ್ನು ಓದಿದವರು, ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನೂ ಓದಿದವರು. ಆದರೂ ಆ ಎರಡು ಹಾಳೆ ಅರ್ಥವಾಗಲು ನಮಗೆ ಒಂದು ಮಧ್ಯಾಹ್ನವೇ ಬೇಕಾಯಿತು. ಅದರ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಬಾಕಿ 50,000 ರೂಪಾಯಿ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಅಂದರೆ 1,750 ರೂಪಾಯಿ. ಮನೆಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಆದರೆ ಕಾರ್ಡಿನ ಬಡ್ಡಿಗೆ ನೂರಕ್ಕೆ 18ರಂತೆ ಉಂಟು. ಅದು 315 ರೂಪಾಯಿ. ಕನಿಷ್ಠ ಮೊತ್ತವೆಂದು ನೂರಕ್ಕೆ ಐದರಂತೆ 2,500 ರೂಪಾಯಿಯನ್ನು ಕಟ್ಟಿದರೆ ಅದರಲ್ಲಿ 2,065 ರೂಪಾಯಿ ಬಡ್ಡಿಗೂ ತೆರಿಗೆಗೂ ಸಂದುಹೋಗಿ, ಅಸಲಿಗೆ ಸೇರುವುದು 435 ರೂಪಾಯಿ ಮಾತ್ರ! ಹೊಸದಾಗಿ ಒಂದು ಕಾಸನ್ನೂ ಖರ್ಚು ಮಾಡದೆ ಎರಡು ವರ್ಷ ಹೀಗೆಯೇ ಕಟ್ಟಿದವನು 54 ಸಾವಿರಕ್ಕೂ ಮಿಗಿಲಾಗಿ ತೆತ್ತಿರುತ್ತಾನೆ. ಆತನ ಬಾಕಿ ಇನ್ನೂ ನಲವತ್ತು ಸಾವಿರದ ಮೇಲೆಯೇ ನಿಂತಿರುತ್ತದೆ. ಇದನ್ನು ಸಾಲ ತೀರಿಸುವುದೆಂದು ಕರೆಯಬೇಕೋ, ಸಾಲಕ್ಕೆ ಬಾಡಿಗೆ ಕಟ್ಟುವುದೆಂದು ಕರೆಯಬೇಕೋ, ನೀವೇ ಹೇಳಿರಿ.

ವರ್ಷಕ್ಕೆ ನೂರಕ್ಕೆ 42. ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ನಮ್ಮ ಮೈಸೂರಿನಿಂದಲೇ ಪ್ರಕಟಿಸಿದರು. ಅದರಲ್ಲಿ ಧರ್ಮಸಮ್ಮತವಾದ ಬಡ್ಡಿ ತಿಂಗಳಿಗೆ ನೂರು ಪಣಕ್ಕೆ ಒಂದೂಕಾಲು ಪಣ. ಕಾಡು ದಾಟುವ ವರ್ತಕನಿಗೆ ಹತ್ತು, ಕಡಲು ದಾಟುವವನಿಗೆ ಇಪ್ಪತ್ತು ಎಂದು ಆತನೇ ಹೇಳಿರುವುದೂ ನಿಜ. ಅದು ಅಪಾಯಕ್ಕೆ ತಕ್ಕ ಬೆಲೆ. ಆದರೆ ಮಾಲೂರಿನಿಂದ ನರಸಾಪುರಕ್ಕೆ ಕಂಪನಿಯ ಬಸ್ಸಿನಲ್ಲಿ ಹೋಗಿಬರುವ ಹುಡುಗನು ಯಾವ ಕಡಲನ್ನು ದಾಟುತ್ತಿದ್ದಾನೆ? ಬಡ್ಡಿಯ ಮೊತ್ತ ಅಸಲನ್ನು ಮೀರಬಾರದೆಂಬ ದಾಮ್‌ದುಪಟ್ ನಿಯಮವೂ ಈ ದೇಶದ್ದೇ. ಸ್ಮೃತಿಗಳನ್ನು ನಾವು ಎಲ್ಲದಕ್ಕೂ ಪ್ರಮಾಣವಾಗಿ ಒಪ್ಪುವವರಲ್ಲ. ಆದರೆ ಸ್ಮೃತಿಕಾರರಿಗೆ ಇದ್ದಷ್ಟು ಸಂಕೋಚವೂ ಇಂದಿನ ಹಣಕಾಸಿನವರಿಗೆ ಬೇಡವಾಯಿತೆ ಎಂದು ಕೇಳಬೇಕಾಗಿದೆ.

ಕಾನೂನು ಏನು ಮಾಡುತ್ತಿದೆ ಎಂದು ಕೇಳುವಿರಿ. ಕಾರ್ಡಿನ ಬಡ್ಡಿ ನೂರಕ್ಕೆ 30ನ್ನು ಮೀರುವುದು ಅನುಚಿತ ವ್ಯಾಪಾರ ಪದ್ಧತಿಯೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ತೀರ್ಪಿತ್ತಿತು. 2024ರ ಡಿಸೆಂಬರ್ 20ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಒಪ್ಪಂದದ ಷರತ್ತನ್ನು ತಿದ್ದಿ ಬರೆಯುವ ಅಧಿಕಾರ ಆಯೋಗಕ್ಕಿಲ್ಲ, ಇದು ರಿಸರ್ವ್ ಬ್ಯಾಂಕಿನ ಕ್ಷೇತ್ರ, ಕಾರ್ಡು ಪಡೆದವರು ಷರತ್ತುಗಳನ್ನು ಅರಿತೇ ಪಡೆದವರು ಎಂದಿತು. ನ್ಯಾಯಾಲಯದ ಬಗ್ಗೆ ನಮಗೆ ಗೌರವವುಂಟು. ಆದರೆ ಕಾರ್ಖಾನೆಯ ಗೇಟಿನ ಬಳಿ ಕೊಡೆ ಹಾಕಿಕೊಂಡು, ಒಂದು ಚೀಲವನ್ನು ಉಡುಗೊರೆಯಾಗಿ ಕೊಟ್ಟು, ಮೊಬೈಲಿನಲ್ಲಿ ಒಪ್ಪಿಗೆಯ ಗುಂಡಿಯನ್ನು ಒತ್ತಿಸಿಕೊಂಡವರ ಎದುರು ಆ ಹುಡುಗನು ಏನನ್ನು ಅರಿತನೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಬೇರೆ ಬಾಗಿಲುಗಳೂ ಮುಚ್ಚಿವೆ. ಬ್ಯಾಂಕುಗಳ ಬಡ್ಡಿ ಅತಿಯಾಯಿತೆಂಬ ಕಾರಣಕ್ಕೆ ನ್ಯಾಯಾಲಯಗಳು ವ್ಯವಹಾರವನ್ನು ಮತ್ತೆ ತೆರೆಯಬಾರದೆಂಬ 21ಎ ಕಲಮು 1984ರಿಂದ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯಲ್ಲಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾನೂನು ಅನ್ವಯವಾಗದೆಂದು 2022ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಹಾಗಾಗಿ ಕೋಲಾರದ ಪೇಟೆಯಲ್ಲಿ ಪರವಾನಗಿ ಪಡೆದು ಕುಳಿತ ಲೇವಾದೇವಿಗಾರನಿಗೆ ಕರ್ನಾಟಕ ಸರ್ಕಾರ ಗೊತ್ತುಮಾಡಿದ ಮಿತಿ ಉಂಟು: ಅಡವಿದ್ದರೆ ನೂರಕ್ಕೆ 14, ಇಲ್ಲದಿದ್ದರೆ 16. ಆತನು ಇದನ್ನು ಪಾಲಿಸುತ್ತಾನೆಯೆ ಎಂಬುದು ಬೇರೆ ಮಾತು. ಆದರೆ ಮೀರಿದರೆ ಆತನನ್ನು ಅಪರಾಧಿಯೆಂದು ಕರೆಯುವ ಕಾನೂನಾದರೂ ಉಂಟು. ಗಾಜಿನ ಕಟ್ಟಡದಲ್ಲಿ ಕುಳಿತು 42 ಪಡೆಯುವವನನ್ನು ಹಾಗೆ ಕರೆಯುವ ಕಾನೂನು ಯಾವುದು?

ಹಳ್ಳಿಯ ತಾಯಂದಿರ ಕಿರುಸಾಲದ ಕಥೆಯೂ ಇದೇ ದಾರಿಯದು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ಒಬ್ಬಳೇ ಹೆಣ್ಣುಮಗಳಿಗೆ ನಾಲ್ಕೈದು ಕಂಪನಿಗಳು ಸಾಲ ಹೊರಿಸಿ, ಕೊನೆಗೆ ಕಂತು ಕಟ್ಟಬೇಡಿರೆಂದು ಅಂಜುಮನ್‌ಗಳೇ ಹೇಳಬೇಕಾಗಿ ಬಂದುದು ಹಿರಿಯರಿಗೆ ನೆನಪಿರಬಹುದು. ಮರುವರ್ಷ ಮುಳಬಾಗಿಲಿನ ಗಡಿಯಾಚೆ ಆಂಧ್ರ ಸರ್ಕಾರವು ಸುಗ್ರೀವಾಜ್ಞೆ ಹೊರಡಿಸಿತು. ಮಾಲೆಗಾಂ ಸಮಿತಿಯ ವರದಿಯ ಮೇರೆಗೆ 2011ರಲ್ಲಿ ರಿಸರ್ವ್ ಬ್ಯಾಂಕು ನೂರಕ್ಕೆ 26ರ ಮಿತಿ ಹಾಕಿತು. ಮುಂದೆ ಅದು ಬಂಡವಾಳದ ವೆಚ್ಚವನ್ನು ಅನುಸರಿಸಿದ ಲೆಕ್ಕದ ಮಿತಿಯಾಯಿತು. 2022ರ ಏಪ್ರಿಲ್‌ನಿಂದ ಅದೂ ಇಲ್ಲವಾಯಿತು. ಈಗ ಉಳಿದಿರುವುದು ಬಡ್ಡಿ 'ವಿಪರೀತವಾಗಿರಬಾರದು' ಎಂಬ ಮಾತು. ವಿಪರೀತವೆಂದರೆ ಎಷ್ಟು? ಅದಕ್ಕೆ ಅಂಕಿಯಿಲ್ಲ. 2024ರ ಅಕ್ಟೋಬರ್‌ನಲ್ಲಿ ನಾಲ್ಕು ಕಂಪನಿಗಳು ವಿಪರೀತ ಬಡ್ಡಿ ಹಾಕುತ್ತಿವೆಯೆಂದು ಹೊಸ ಸಾಲಕ್ಕೆ ತಡೆಯೊಡ್ಡಿದ ರಿಸರ್ವ್ ಬ್ಯಾಂಕು, 2025ರ ಜನವರಿಯ ಹೊತ್ತಿಗೆ ನಾಲ್ಕರ ತಡೆಯನ್ನೂ ತೆರವುಗೊಳಿಸಿತು.

ಈ ಸೀಮೆಯ ಆದಾಯದ ರೀತಿಯನ್ನು ಬಲ್ಲವರಿಗೆ ಇದರ ಕ್ರೌರ್ಯ ಬೇಗ ತಿಳಿಯುತ್ತದೆ. ಶ್ರೀನಿವಾಸಪುರದ ಮಾವು ವರ್ಷಕ್ಕೊಮ್ಮೆ ಹಣ ತರುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತವು ಹೊರಗಿನ ತೋತಾಪುರಿಯನ್ನು ಒಳಬಿಡುವುದಿಲ್ಲವೆಂದಾಗ, ಅಲ್ಲಿನ ತಿರುಳಿನ ಕಾರ್ಖಾನೆಗಳನ್ನೇ ನಂಬಿದ್ದ ನಮ್ಮ ಬೆಳೆಗಾರರಿಗೆ ಆ ಒಂದು ಸಲದ್ದೂ ಕೈಗೆ ಹತ್ತಲಿಲ್ಲ. ಟೊಮೇಟೊ ಒಂದು ತಿಂಗಳು ಬಂಗಾರ, ಮರುತಿಂಗಳು ರಸ್ತೆಯ ಪಾಲು. ಕೊಳವೆಬಾವಿ ಯಾವಾಗ ಬತ್ತೀತೆಂದು ಹೇಳಬಲ್ಲವರಿಲ್ಲ. ಡೈರಿಯ ಹಾಲಿನ ಬಟವಾಡೆಯೊಂದೇ ತಪ್ಪದೆ ಬರುವ ಕಾಸು. ಕಂತು ಮಾತ್ರ ವಾರ ತಪ್ಪದೆ ಬಾಗಿಲಿಗೆ ಬರುತ್ತದೆ. ಮರ ಹೂ ಬಿಡುವ ಮುನ್ನವೇ ಹಣ್ಣಿನ ಬೆಲೆ ಕೇಳುವ ಈ ಸಾಲವನ್ನು ತೀರಿಸಲು ಇನ್ನೊಂದು ಸಾಲ, ಅದನ್ನು ತೀರಿಸಲು ಮಾಂಗಲ್ಯದ ಗಿರವಿ.

2025ರ ಫೆಬ್ರವರಿ 12ರಂದು ಕರ್ನಾಟಕದ ಸುಗ್ರೀವಾಜ್ಞೆ ಬಂದಿತು, ಮುಂದೆ ಅದು ಕಾಯಿದೆಯಾಯಿತು. ಸಾಲಗಾರನನ್ನು ಹೆದರಿಸಿ ಬಲವಂತದಿಂದ ವಸೂಲು ಮಾಡುವವನಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ಇದನ್ನು ನಾವು ಮನಸಾರೆ ಸ್ವಾಗತಿಸಿದೆವು, ಈಗಲೂ ಸ್ವಾಗತಿಸುತ್ತೇವೆ. ಆದರೆ ಬಾಗಿಲಲ್ಲಿ ನಿಂತು ಕೂಗುವವನು ಯಾರು? ಗುರಿ ಮುಟ್ಟದಿದ್ದರೆ ಕೆಲಸ ಹೋಗುವ, ಪಕ್ಕದ ಊರಿನ ಬಡವರ ಮಗನೇ. ಆತನ ಕೂಗು ಅಪರಾಧ. ಆತನನ್ನು ಕಳುಹಿಸಿದ ದರಕ್ಕೆ ಮಾತ್ರ ರಾಜ್ಯದ ಕೈ ತಾಗುವಂತಿಲ್ಲ.

ಮಿತಿ ಹಾಕಿದರೆ ಬಡವನಿಗೆ ಸಾಲವೇ ಹುಟ್ಟದು, ಆತ ಮೀಟರ್ ಬಡ್ಡಿಯವನ ಪಾಲಾಗುವನು ಎಂದು ವಾದಿಸುವವರಿದ್ದಾರೆ. ಇದರಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ಅಡವಿಲ್ಲದ ಸಣ್ಣ ಸಾಲಕ್ಕೆ ಖರ್ಚು ಹೆಚ್ಚು, ಮುಳುಗುವ ಭಯವೂ ಹೆಚ್ಚು. ಹಾಗಿದ್ದರೆ ಆ ಖರ್ಚೆಷ್ಟು, ಭಯದ ಬೆಲೆಯೆಷ್ಟು, ಲಾಭವೆಷ್ಟು ಎಂದು ಬಿಡಿಸಿ ತೋರಿಸಲಿ. ಅದಕ್ಕೆ ತಕ್ಕ ಅಂಕಿಯನ್ನು ರಿಸರ್ವ್ ಬ್ಯಾಂಕು ಗೊತ್ತುಪಡಿಸಲಿ. ಎಲ್ಲರೂ ಅದರತ್ತಲೇ ಬೆರಳು ತೋರಿಸಿರುವಾಗ ಅದು ಮೌನವಾಗಿರುವುದು ಸಲ್ಲದು. 26ರ ಮಿತಿಯನ್ನು ಹಾಕಿದ ಕಾಲದಲ್ಲಿಯೂ ಕಿರುಸಾಲದ ಕಂಪನಿಗಳು ಅಂಗಡಿ ಮುಚ್ಚಿಕೊಂಡು ಹೋಗಲಿಲ್ಲವೆಂಬುದನ್ನು ಕೋಲಾರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮನೆಯ ಮಾತು. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನ ಮ್ಯಾನೇಜರರೂ, ಕಾರ್ಡು ಮಾರುವ ತಂಡದ ಮುಖ್ಯಸ್ಥರೂ ಇದ್ದೀರಿ. ಮಠದ ಜಾತ್ರೆಗೆ ದಾಸೋಹದ ಅಕ್ಕಿಯನ್ನು ಕಳುಹಿಸುವವರೂ ನೀವೇ. ಕೇಳದೆ ಕಾರ್ಡು ಕೊಡಬಾರದು, ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಏನಾಗುವುದೆಂಬುದನ್ನು ತಿಳಿಸಬೇಕು ಎಂಬುದು 2022ರ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲಿಯೇ ಇದೆ. ಇರುವೆಯಂಥ ಅಕ್ಷರದಲ್ಲಿ ಅಲ್ಲ, ಕನ್ನಡದಲ್ಲಿ ಬಾಯಿಬಿಟ್ಟು ಹೇಳಿರಿ. ಹೇಳಿದರೆ ಕಾರ್ಡು ಮಾರಾಟವಾಗುವುದಿಲ್ಲವೆಂದರೆ, ಅದೆಂಥ ಸರಕೆಂದು ನಿಮಗೇ ತಿಳಿದಿದೆ.

ಆ ಯುವಕನಿಗೆ ನಾವು ಕಾರ್ಡನ್ನು ಮುರಿದುಹಾಕೆಂದು ಹೇಳಲಿಲ್ಲ. ಮುರಿದರೆ ಸಾಲ ಹೋಗುವುದಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಗಳಾದ ನಮ್ಮ ಭಕ್ತರೊಬ್ಬರ ಜೊತೆ ಕುಳ್ಳಿರಿಸಿದೆವು. ಕಡಿಮೆ ಬಡ್ಡಿಯ ವೈಯಕ್ತಿಕ ಸಾಲವೊಂದನ್ನು ಪಡೆದು ಕಾರ್ಡಿನ ಬಾಕಿಯನ್ನು ಪೂರ್ತಿ ತೀರಿಸಲು ಆತ ಈಗ ಅರ್ಜಿ ಹಾಕಿದ್ದಾನೆ. ಮುಂದಿನ ಅಮಾವಾಸ್ಯೆಯಿಂದ ಪ್ರತಿ ಅಮಾವಾಸ್ಯೆಯಂದು ಪ್ರಸಾದದ ಅನಂತರ ಆ ಹಿರಿಯರು ಮಠದ ಜಗುಲಿಯಲ್ಲಿ ಕುಳಿತಿರುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಭಕ್ತರಲ್ಲಿ ಸಾಲದ ಲೆಕ್ಕ ತಿಳಿಯದವರು ಕಾಗದಗಳನ್ನೆಲ್ಲ ತರಬಹುದು. ಹರಿದಿದ್ದರೂ ತನ್ನಿರಿ. ನಾಚಿಕೆಯಿಂದ ಬಚ್ಚಿಟ್ಟ ಕಾಗದವನ್ನು ಮೊದಲು ತನ್ನಿರಿ.